ಮುಳುಗು ಹಾಕಿದವರು

ಶಬ್ದಗಳ ಹುಟ್ಟುಮೂಲವನ್ನು ಹುಡುಕುತ್ತ ಹೋಗುವುದು ನನ್ನ ಹಳೆಯ ಚಪಲ. ಆನ್ ಫ್ರಾಂಕಳ ದಿನಚರಿಯನ್ನು ಅನುವಾದದಲ್ಲಿ ಓದುತ್ತಿದ್ದಾಗ, ‘ಅಡಗಿಕೊಳ್ಳು’ ಎಂಬುದಕ್ಕೆ ಅವಳ ಡಚ್ ಭಾಷೆಯಲ್ಲಿ ಏನೆನ್ನುತ್ತಾರೆಂದು ತಿಳಿಯುವ ಆಸೆಯಾಯಿತು. ನಿಘಂಟಿನಲ್ಲಿ ಸಿಕ್ಕಿದ್ದು ‘ಒಂಡರ್‌ಡೌಕನ್’.

ಇದೊಂದು ಜೋಡುಪದ. ‘ಒಂಡರ್’ ಎಂದರೆ ಕೆಳಗೆ. ‘ಡೌಕನ್’ ಎಂದರೆ ನೀರಿನಲ್ಲಿ ಮುಳುಗು ಹಾಕುವುದು. ಜರ್ಮನ್ನಿನ ‘ಟೌಖನ್’, ಇಂಗ್ಲಿಷಿನ ‘ಡಕ್’ ಇದರ ದಾಯಾದಿಗಳು. ಇಂಗ್ಲಿಷರ ಬಾತುಕೋಳಿಗೆ ಆ ಹೆಸರು ಬಂದದ್ದೂ ಅದು ಮುಳುಗುವ ಹಕ್ಕಿಯಾದ್ದರಿಂದಲೇ. ವಾಕ್ಯದಲ್ಲಿ ಈ ಜೋಡಿ ಅಗಲುತ್ತದೆ: ‘ಇಕ್ ಡೌಕ್ ಒಂಡರ್’, ನಾನು ಮುಳುಗುತ್ತೇನೆ.

ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿರುವ ನಾಡು, ಅದಕ್ಕೇ ನೀರಿನ ಮಾತು ಎಂದು ನಾನೂ ಮೊದಲು ಹಿಗ್ಗಿದೆ. ಆದರೆ ಜರ್ಮನ್ನಿನಲ್ಲಿಯೂ ಇದೇ ಜೋಡಣೆ, ಇದೇ ಅರ್ಥ ಉಂಟು. ಚೆಂದದ ಊಹೆಗಳೆಲ್ಲ ವ್ಯುತ್ಪತ್ತಿಯಾಗಲಾರವು.

1940ರ ಮೇ ತಿಂಗಳಲ್ಲಿ ಜರ್ಮನ್ ಸೈನ್ಯ ಹಾಲೆಂಡನ್ನು ಆಕ್ರಮಿಸಿದ ಮೇಲೆ ಈಜುಗಾರರ ಈ ಮಾತು ಸಂಸಾರಸ್ಥರ ಪಾಲಿಗೆ ಬಂತು. ಯೆಹೂದಿಗಳಲ್ಲಿ ಸುಮಾರು 28 ಸಾವಿರ ಮಂದಿ ‘ಮುಳುಗಿದರು’. ಜರ್ಮನಿಯ ಕಾರ್ಖಾನೆಗಳಿಗೆ ಹೋಗಲೊಲ್ಲದ ಯುವಕರು ಮುಳುಗಿದರು. 1944ರ ಸೆಪ್ಟೆಂಬರಿನಲ್ಲಿ ಮುಷ್ಕರ ಹೂಡಿದ ರೈಲ್ವೆ ನೌಕರರೂ ಮುಳುಗಿದರು.

ನೀರಿನಡಿ ಇರುವವನಿಗೆ ಉಸಿರು ಬೇಕಲ್ಲವೆ? ಅಡಗಿದವನಿಗೆ ಪಡಿತರ ಚೀಟಿಯಿಲ್ಲ, ಚೀಟಿಯಿಲ್ಲದೆ ರೊಟ್ಟಿಯಿಲ್ಲ. ಆ ಉಸಿರನ್ನು ಒದಗಿಸಿದವರಲ್ಲಿ ವಿಂಟರ್ಸ್‌ವೈಕ್ ಊರಿನ ಹೆಲೆನಾ ಕೌಪರ್ಸ್ ಎಂಬ ಗೃಹಿಣಿಯೊಬ್ಬರು. ಜನ ಕರೆಯುತ್ತಿದ್ದುದು ‘ರೀಕ್ ಅತ್ತೆ’ ಎಂದು. 1942ರಲ್ಲಿ ಪಾದ್ರಿ ಫ್ರಿಟ್ಸ್ ಸ್ಲೋಂಪರ ಜೊತೆ ಸೇರಿ ಅವರು ಕಟ್ಟಿದ ಸಂಘ, ಮುಳುಗಿದವರಿಗೆ ಮನೆಯನ್ನೂ ಚೀಟಿಯನ್ನೂ ಹುಡುಕಿಕೊಡುತ್ತಿತ್ತು. ಕೊನೆಗೆ ಅವರೇ ಸೆರೆಸಿಕ್ಕಿ, 1944ರ ಡಿಸೆಂಬರಿನಲ್ಲಿ ರಾವೆನ್ಸ್‌ಬ್ರುಕ್ ಶಿಬಿರದಲ್ಲಿ ತೀರಿಕೊಂಡರು.

ನಮ್ಮ ‘ತಲೆಮರೆಸಿಕೊಳ್ಳು’ ಎಂಬ ಮಾತಿಗೆ ಅಪರಾಧದ ವಾಸನೆಯುಂಟು. ಡಚ್ ಮಾತಿಗೆ ಅದಿಲ್ಲ. ಮುಳುಗು ಹಾಕಿದವನು ಮೇಲೇಳುತ್ತಾನೆಂಬ ಭರವಸೆ ಅದರಲ್ಲಿದೆ. ಆದರೆ ಆಮ್‌ಸ್ಟರ್‌ಡ್ಯಾಮಿನ ಪ್ರಿನ್ಸೆನ್‌ಗ್ರಾಖ್ಟ್ ಬೀದಿಯ ಹಿಂಮನೆಯಲ್ಲಿ ಮುಳುಗಿದ್ದ ಎಂಟು ಮಂದಿಯೂ 1944ರ ಆಗಸ್ಟ್ 4ರಂದು ಸಿಕ್ಕಿಬಿದ್ದರು. ಉಳಿದು ಬಂದವರು ಆನಳ ತಂದೆ ಆಟೊ ಫ್ರಾಂಕ್ ಒಬ್ಬರೇ.

ಕನ್ನಡದಲ್ಲಿ ಮುಳುಗು ಹಾಕುವುದು ಬೇರೆ, ಮುಳುಗಿಹೋಗುವುದು ಬೇರೆ. ಆ ಐದು ವರ್ಷ ಇವೆರಡರ ನಡುವೆ ಇದ್ದುದು ಒಂದು ಪಡಿತರ ಚೀಟಿ, ಮತ್ತೆ ಯಾರೋ ತೆರೆದ ಒಂದು ಬಾಗಿಲು.