ಮೂರನೇ ಸಿಡಿ

ದಾಂಡೇಲಿ ಅಂದ್ರೆ ನಿಮಗೆ ರಾಫ್ಟಿಂಗು, ಹಾರ್ನ್‌ಬಿಲ್ಲು, ಶುಕ್ರವಾರ ರಾತ್ರಿ ಬೆಂಗಳೂರು ಬಿಟ್ಟು ಬರೋ ಟೆಂಪೋ ಟ್ರಾವೆಲರ್ರು. ನಮಗೆ ಅದು 1955ರಲ್ಲಿ ಶುರುವಾದ ಪೇಪರ್ ಮಿಲ್ಲು, ಅದರ ಸೈರನ್ನು, ಮಳೆಗಾಲದಲ್ಲಿ ಊರಿನ ಮೇಲೆ ಕೂತು ಬಿಡೋ ಅದರ ವಾಸನೆ. ಅಂದ ಹಾಗೆ, ನೀವು ಹೆಲ್ಮೆಟ್ ಹಾಕ್ಕೊಂಡು ಕೂಗ್ತಾ ಇಳಿಯೋ ಆ ಕಾಳಿ ನದಿಯ ನೀರು ಮೇಲಿನ ಸೂಪಾ ಅಣೆಕಟ್ಟಿನಿಂದ ಬಿಟ್ಟ ನೀರು. 101 ಮೀಟರ್ ಎತ್ತರದ ಆ ಗೋಡೆಯ ಹಿಂದೆ ನಮ್ಮ ಆಯಿಯ ತವರುಮನೆ ಇದೆ. ಇತ್ತು ಅನ್ನಬೇಕೇನೋ.

ಕಾಳಿ ಮತ್ತು ಪಾಂಢರಿ ಸೇರೋ ಜಾಗದಲ್ಲಿ ಸೂಪಾ ಅನ್ನೋ ಊರಿತ್ತು, ತಾಲೂಕಿಗೂ ಅದರದೇ ಹೆಸರು. 1980ರ ದಶಕದಲ್ಲಿ ನೀರು ನಿಂತಿತು, ಊರು ಮುಳುಗಿತು, ತಾಲೂಕು ಕೇಂದ್ರ ಜೋಯಿಡಾಕ್ಕೆ ಹೋಯಿತು. ನಮ್ಮ ಅಜ್ಜಿ, ಮಾಮಾ, ಮಾವಶಿ ಎಲ್ಲ ರಾಮನಗರದ ಪುನರ್ವಸತಿಗೆ ಬಂದರು. ಆಗ ಊರಿನ ಫೋಟೋ ತೆಗೆದಿಟ್ಟುಕೊಳ್ಳೋ ಅನುಕೂಲ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ.

1993ರಲ್ಲಿ ರಾಮನಗರದಲ್ಲೇ ಮಾವಶಿಯ ಮದುವೆ ಆಯಿತು. ನಮ್ಮ ಕುಟುಂಬದ ಮೊದಲ ‘ವಿಡಿಯೋ ಮದುವೆ’. ವಿಡಿಯೋದವನು ಭುಜದ ಮೇಲೆ ದೊಡ್ಡ ಕ್ಯಾಮೆರಾ ಹೊತ್ತು, ಕಣ್ಣು ಕುಕ್ಕೋ ಲೈಟ್ ಹಿಡಿಸಿಕೊಂಡು ಬಂದಿದ್ದ. ಅವನು ಕೊಟ್ಟ ವಿಎಚ್‌ಎಸ್ ಕ್ಯಾಸೆಟ್ಟಿನ ಮೇಲೆ ‘ಇ-180’ ಅಂತ ಇತ್ತು. ಅಂದರೆ 180 ನಿಮಿಷ. ಮನೆಯಲ್ಲಿ ವಿಸಿಆರ್ ಇರಲಿಲ್ಲ. ವರ್ಷಕ್ಕೊಮ್ಮೆ ಬಾಡಿಗೆಗೆ ತಂದರೆ ರಾತ್ರಿಯಿಡೀ ಎರಡು ಸಿನಿಮಾ ನೋಡಿ, ಬೆಳಗಿನ ಜಾವ ಮದುವೆ ಹಾಕೋರು. ಅಷ್ಟೊತ್ತಿಗೆ ಅರ್ಧ ಜನಕ್ಕೆ ನಿದ್ದೆ. ಕ್ಯಾಸೆಟ್ಟನ್ನು ಕೊನೆ ತನಕ ನೋಡಿದವರು ಬಹಳ ಕಮ್ಮಿ ಅಂತ ನಂಗೀಗ ಅನ್ನಿಸುತ್ತೆ.

ಆಮೇಲೆ ವಿಸಿಡಿ ಬಂತು. ಜಗತ್ತಿಗೆ 1993ರಲ್ಲೇ ಬಂದಿತ್ತು: ಫಿಲಿಪ್ಸ್, ಸೋನಿ, ಮ್ಯಾಟ್ಸುಶಿಟಾ, ಜೆವಿಸಿ ಸೇರಿ ಮಾಡಿದ ನಿಯಮ. ಮಾವಶಿ ಮದುವೆಯ ವರ್ಷವೇ ಹುಟ್ಟಿದ್ದು ನೋಡಿ. ಅಮೆರಿಕದವರು ಇದನ್ನು ಹೆಚ್ಚುಕಡಿಮೆ ಕಣ್ಣೆತ್ತಿಯೂ ನೋಡಲಿಲ್ಲ, ಏಷ್ಯಾದಲ್ಲಿ ಮನೆಮನೆಗೆ ಹೊಕ್ಕಿತು. ಚಿತ್ರ 352 ಅಡ್ಡ, 288 ಉದ್ದ. ಒಂದು ಡಿಸ್ಕಿಗೆ 74 ನಿಮಿಷ, ಜಗ್ಗಾಡಿದರೆ 80. ಅದಕ್ಕೇ ಎಲ್ಲ ಸಿನಿಮಾಗಳೂ ಎರಡು-ಮೂರು ಡಿಸ್ಕು, ಹೀರೋ ಹೊಡೆಯೋಕೆ ಕೈ ಎತ್ತಿದಾಗಲೇ ‘ಮುಂದಿನ ಡಿಸ್ಕ್ ಹಾಕಿ’.

2003ರಲ್ಲಿ ನಮ್ಮಪ್ಪ ಆ ಕ್ಯಾಸೆಟ್ಟನ್ನು ವಿಸಿಡಿ ಮಾಡಿಸಿದರು. ಅಂಗಡಿಯವರು ಕೇಳಿದ್ದು ಸರಿಯಾಗೇ ಇತ್ತು: ಮೂರು ಗಂಟೆ ಇದೆ, ಮೂರು ಡಿಸ್ಕ್ ಆಗುತ್ತೆ, ಮೂರರ ದುಡ್ಡು ಕೊಡ್ತೀರಾ? ಅಪ್ಪ ಮಿಲ್ಲಿನ ಶಿಫ್ಟ್ ಮುಗಿಸಿ ಹೋದವರು, ಎರಡು ಸಾಕು ಅಂದರು. ಮುಹೂರ್ತ, ಊಟ, ಫೋಟೋ ಎಲ್ಲ ಮೊದಲೇ ಮುಗಿದಿರುತ್ತೆ, ಕೊನೆಗೇನಿರುತ್ತೆ? ಎರಡು ಎಂಬತ್ತು ಅಂದರೆ ನೂರ ಅರವತ್ತು. ಉಳಿದ ಇಪ್ಪತ್ತು ನಿಮಿಷ ಅಲ್ಲಿಗೆ ಮುಗಿಯಿತು. ಅಷ್ಟರಲ್ಲಿ ಅಜ್ಜಿ ತೀರಿ ಎರಡು ವರ್ಷವಾಗಿತ್ತು.

ಆ ಇಪ್ಪತ್ತು ನಿಮಿಷದಲ್ಲಿ ಏನಿತ್ತು ಅಂತ ನೆನಪಿಟ್ಟಿದ್ದು ಮಾಮಾ ಒಬ್ಬರೇ. 2009ರಲ್ಲಿ ನಾನು ಬೆಂಗಳೂರಲ್ಲಿ ಕೆಲಸಕ್ಕಿದ್ದೆ. ಫೋನ್ ಮಾಡಿದರು. “ತಮ್ಮಾ, ನಿಮ್ಮ ಸೀಡ್ಯಾಗ ಅವ್ವ ಮಾತಾಡಿದ್ದು ಇಲ್ಲಲ್ಲೋ. ಸಂಜೀಕೆ ಹೆಂಗಸರೆಲ್ಲ ಕೂತಾಗ ಸೂಪಾದ ಮನಿ ಒಂದೊಂದ ಹೇಳಿದ್ಲು. ಯಾರ ಮನಿ ಬಾಜೂಕ ಯಾರ ಮನಿ ಅಂತ. ಅದು ಎಲ್ಲಿ ಹೋತು?”

ಅದೃಷ್ಟಕ್ಕೆ ಕ್ಯಾಸೆಟ್ಟು ಅಟ್ಟದ ಮೇಲಿನ ಟ್ರಂಕಿನಲ್ಲಿತ್ತು. ದಾಂಡೇಲಿಯ ಮಳೆಗೆ ಟೇಪಿನ ಅಂಚಿಗೆ ಬಿಳಿ ಬೂಷ್ಟು ಹಿಡಿದಿತ್ತು. ಒರೆಸಿ, ಗೆಳೆಯನೊಬ್ಬನ ಹಳೇ ವಿಸಿಆರ್‌ನಿಂದ ಕ್ಯಾಪ್ಚರ್ ಕಾರ್ಡ್ ಮೂಲಕ ಕಂಪ್ಯೂಟರಿಗೆ ಎಳೆದೆ. ಮೂರು ಗಂಟೆಯನ್ನೂ ಎಳೆದೆ, ಈ ಸಲ ಏನೂ ಬಿಡಲಿಲ್ಲ. ಎಕ್ಸ್‌ವಿಡ್‌ನಲ್ಲಿ ಒತ್ತಿ ಎವಿಐ ಫೈಲ್ ಮಾಡಿ, ಖಾಲಿ ಡಿವಿಡಿಗೆ ಬರೆದು ಕೊರಿಯರ್ ಮಾಡಿದೆ. ನಾಲ್ಕನೇ ದಿನ ಮಾಮಾ: “ನೋ ಡಿಸ್ಕ್ ಅಂತೈತಿ.”

ಇಲ್ಲಿಂದ ಎರಡು ತಿಂಗಳು ನನ್ನ ಶನಿವಾರಗಳೆಲ್ಲ ಹೋದವು. ಆ ಕಾಲದವರಿಗೆ ಗೊತ್ತು ಈ ಸಂಕಟ.

ಮೊದಲನೇದು, ನಾನು ಹಾಕಿದ್ದು ‘ಪ್ಲಸ್ ಆರ್’ ಡಿಸ್ಕು. ಮಾಮಾನ ಪ್ಲೇಯರು ‘ಮೈನಸ್ ಆರ್’ ಮಾತ್ರ ಓದೋ ಜಾತಿ. ಎರಡೂ ಕಣ್ಣಿಗೆ ಒಂದೇ ಥರ, ಎರಡೂ 4.7 ಜಿಬಿ, ಆದರೆ ಬೇರೆ ಬೇರೆ ಕಂಪನಿಗಳ ಜಗಳದಲ್ಲಿ ಹುಟ್ಟಿದವು. ಡಿಸ್ಕ್ ಬದಲಿಸಿದೆ. ಈಗ ಪ್ಲೇಯರು ಡಿಸ್ಕ್ ಗುರುತಿಸಿತು, ಫೈಲಿನ ಹೆಸರೂ ತೋರಿಸಿತು, ಆದರೆ ಆಡಿಸಲಿಲ್ಲ. ಎಕ್ಸ್‌ವಿಡ್ ಫೈಲಿನ ತಲೆಯಲ್ಲಿ ನಾಲ್ಕಕ್ಷರದ ಒಂದು ಗುರುತಿರುತ್ತೆ. ಅದನ್ನು ‘ಡಿವ್‌ಎಕ್ಸ್’ ಅಂತ ತಿದ್ದಿದರೆ ಎಷ್ಟೋ ಪ್ಲೇಯರುಗಳು ಸುಮ್ಮನೆ ನಂಬಿ ಬಿಡ್ತಿದ್ದವು. ಡಿವ್‌ಎಕ್ಸ್‌ನ ಮೂಲವೇ ಒಬ್ಬ ಫ್ರೆಂಚ್ ಹುಡುಗ ಮೈಕ್ರೋಸಾಫ್ಟಿನ ಕೋಡೆಕ್ಕನ್ನು ಬಿಚ್ಚಿ ಮಾಡಿದ್ದು. ಎಕ್ಸ್‌ವಿಡ್ ಅನ್ನೋದು ಆ ಹೆಸರನ್ನೇ ತಿರುಗಿಸಿ ಬರೆದದ್ದು. ಅಂಥ ಮನೆತನದ ಫೈಲಿಗೆ ಸುಳ್ಳು ಹೆಸರು ಹಾಕೋದರಲ್ಲಿ ನನಗೇನೂ ಪಾಪ ಅನ್ನಿಸಲಿಲ್ಲ. ಚಿತ್ರ ಬಂತು, ಆದರೆ ಮುಖಗಳೆಲ್ಲ ಕರಗಿದ ಮೇಣದ ಥರ. ಫೈಲ್ ಸಣ್ಣದಾಗಲಿ ಅಂತ ನಾನು ಆನ್ ಮಾಡಿದ್ದ ‘ಕ್ಯೂಪೆಲ್’ ಅನ್ನೋ ಆಯ್ಕೆಯನ್ನು ಆ ಪ್ಲೇಯರಿನ ಚಿಪ್ಪು ಬಿಡಿಸಲಾರದೆ ಒದ್ದಾಡ್ತಿತ್ತು.

ಸಾಕಾಯ್ತು. ನೆಟ್ಟಗೆ ಡಿವಿಡಿಯನ್ನೇ ಮಾಡೋಣ ಅಂದ್ಕೊಂಡೆ: ಎಂಪೆಗ್-2, ವಿಡಿಯೋ ಟಿಎಸ್ ಫೋಲ್ಡರು, ಅದರೊಳಗೆ ವಿಓಬಿ ಫೈಲುಗಳು. ಇಂಡಿಯಾದಲ್ಲಿ ಪಾಲ್, 720ಕ್ಕೆ 576, ಸೆಕೆಂಡಿಗೆ 25 ಫ್ರೇಮು. ಲೆಕ್ಕ ಹಾಕಿದರೆ ಮೂರು ಗಂಟೆ ಒಂದು ಡಿಸ್ಕಿನಲ್ಲಿ ಹಿಡಿಸಬೇಕಾದರೆ ಸೆಕೆಂಡಿಗೆ ಸುಮಾರು 3.4 ಮೆಗಾಬಿಟ್ಟು. ಅಷ್ಟರಲ್ಲಿ ಪೂರ್ಣ ಅಳತೆ ಹಾಕಿದರೆ ಜನ ಓಡಾಡಿದಾಗಲೆಲ್ಲ ಚೌಕಚೌಕ ಒಡೆಯುತ್ತೆ. ಎರಡು ಡಿಸ್ಕಿಗೆ ನಾನು ಒಪ್ಪಲಿಲ್ಲ, ಕಾರಣ ನಿಮಗೆ ಗೊತ್ತಾಗಿರುತ್ತೆ. ಡಿವಿಡಿ ನಿಯಮದಲ್ಲೇ 352ಕ್ಕೆ 576 ಅನ್ನೋ ಅರ್ಧ ಅಗಲದ ಅಳತೆಗೂ ಜಾಗವಿದೆ. ಇದು ನಂಗೆ ಆಗಲೇ ಗೊತ್ತಾಗಿದ್ದು. ವಿಎಚ್‌ಎಸ್ ಟೇಪಿನಲ್ಲಿ ಇರೋ ವಿವರವೇ ಅಷ್ಟು, ಏನೂ ನಷ್ಟವಿಲ್ಲ.

ಇಷ್ಟಾದ ಮೇಲೂ ಯಾರಾದರೂ ಕೈ ಆಡಿಸಿದರೆ ಕೈ ಮುಂದೆ ಹೋಗಿ, ಹಿಂದೆ ಬಂದು, ಮತ್ತೆ ಮುಂದೆ ಹೋಗ್ತಿತ್ತು. ನನ್ನ ಮಾನಿಟರಿನಲ್ಲಿ ಸರಿಯಾಗಿದ್ದದ್ದು ಟಿವಿಯಲ್ಲಿ ಮಾತ್ರ ಹೀಗೆ. ಹಳೇ ಟಿವಿ ಒಂದು ಫ್ರೇಮನ್ನು ಒಂದೇ ಸಲ ತೋರಿಸಲ್ಲ, ಅರ್ಧ ಗೆರೆಗಳನ್ನು ಮೊದಲು, ಉಳಿದರ್ಧ ಆಮೇಲೆ, ಹೀಗೆ ಸೆಕೆಂಡಿಗೆ ಐವತ್ತು ಅರ್ಧಗಳು. ಯಾವರ್ಧ ಮೊದಲು ಅಂತ ಫೈಲಿನಲ್ಲಿ ತಪ್ಪು ಬರೆದಿದ್ದರೆ ಆಮೇಲಿನ ಕ್ಷಣ ಮೊದಲು, ಮೊದಲಿನದು ಆಮೇಲೆ. ಒಂದು ಟಿಕ್ ಗುರುತಿನ ತಪ್ಪು. ಅದನ್ನು ಹುಡುಕೋಕೆ ಮೂರು ಶನಿವಾರ.

ಕೊನೆಗೆ ಉಳಿದದ್ದು ಧ್ವನಿ. ಮುಹೂರ್ತದಲ್ಲಿ ಸರಿಯಾಗಿದ್ದ ವಾಲಗ ಕೊನೆಗೆ ಬರುವಷ್ಟರಲ್ಲಿ ನಾಲ್ಕು ಸೆಕೆಂಡ್ ಹಿಂದೆ. ಕ್ಯಾಪ್ಚರ್ ಕಾರ್ಡಿನ ಗಡಿಯಾರ ಬೇರೆ, ಸೌಂಡ್ ಕಾರ್ಡಿನ ಗಡಿಯಾರ ಬೇರೆ. ಹತ್ತು ಸಾವಿರದ ಎಂಟುನೂರು ಸೆಕೆಂಡಿಗೆ ನಾಲ್ಕು ಅಂದ್ರೆ ಸಿನಿಮಾದಲ್ಲಿ ಯಾರೂ ಸಾಯಲ್ಲ. ಆದರೆ ಅಜ್ಜಿ ಇದ್ದದ್ದೇ ಕೊನೇಲಿ. ಅವಳ ಬಾಯಿ ಒಂದು ಮನೆ ಹೇಳ್ತಾ ಇದ್ದರೆ ಕಿವಿಗೆ ಹಿಂದಿನ ಮನೆ ಕೇಳಿಸ್ತಿತ್ತು. ಧ್ವನಿಯನ್ನು ಬೇರೆ ಮಾಡಿ, ಅಷ್ಟೇ ಪ್ರಮಾಣದಲ್ಲಿ ಕುಗ್ಗಿಸಿ, ಡಿವಿಡಿಗೆ ಬೇಕಾದ 48 ಕಿಲೋಹರ್ಟ್ಸ್‌ಗೆ ತಂದು ಮತ್ತೆ ಜೋಡಿಸಿದೆ. ಆಗಲೇ ನಾನೂ ಮೊದಲ ಸಲ ಆ ತುಂಡನ್ನು ಕೂತು ಕೇಳಿದ್ದು. ಐದು ನಿಮಿಷವೂ ಇಲ್ಲ. ಅಜ್ಜಿ ಕೊಂಕಣಿಯಲ್ಲಿ ಬೆರಳು ಮಡಚುತ್ತಾ ನದಿ ದಂಡೆಯಿಂದ ಶುರು ಮಾಡ್ತಾಳೆ. ಹಿಂದೆ ಪಾತ್ರೆ ತೊಳೆಯೋ ಸದ್ದು, ಯಾರೋ ಕಾಫಿ ಕೇಳ್ತಾರೆ, ಲೈಟಿನವನು ಲೈಟ್ ಆರಿಸಿ ಬಿಡ್ತಾನೆ. ಕತ್ತಲಲ್ಲೂ ಎಣಿಕೆ ನಿಲ್ಲಲ್ಲ. ಟೇಪು ನಿಲ್ಲುತ್ತೆ.

ಡಿಸ್ಕನ್ನು ಈ ಸಲ ನಾನೇ ತಗೊಂಡು ಹೋದೆ. ಮಾಮಾನ ಟಿವಿ ಪಕ್ಕ ಮೋಸರ್ ಬೇರ್‌ನ ಕನ್ನಡ ಸಿನಿಮಾಗಳ ದೊಡ್ಡ ಗುಡ್ಡೆಯೇ ಇತ್ತು. ಆ ಕಂಪನಿ 2007ರಲ್ಲಿ ವಿಸಿಡಿ 28 ರೂಪಾಯಿ, ಡಿವಿಡಿ 34 ರೂಪಾಯಿ ಅಂತ ಇಳಿಸಿದಾಗ ನಮ್ಮ ಕಡೆ ಪ್ಲೇಯರ್ ಇಲ್ಲದ ಮನೆ ಇರಲಿಲ್ಲ. 2018ರಲ್ಲಿ ಆ ಕಂಪನಿಯನ್ನೇ ಮುಚ್ಚೋ ಆದೇಶವಾಯಿತು ಅಂತ ಪೇಪರಿನಲ್ಲಿ ಓದಿದಾಗ ನಂಗೆ ನೆನಪಾಗಿದ್ದು ಆ ಗುಡ್ಡೆ.

ಡಿಸ್ಕ್ ಒಳಗೆ ಹೋಯಿತು. ಆಡಿತು. ಮಾಮಾ ಮದುವೆಯನ್ನೆಲ್ಲ ಓಡಿಸಿ ನೇರ ಕೊನೆಗೆ ಬಂದರು. ಅಜ್ಜಿ ಏಳನೇ ಮನೆ ಹೇಳಿದಾಗ ರಿಮೋಟ್ ಒತ್ತಿ ನಿಲ್ಲಿಸಿದರು.

“ತಪ್ಪು ಹೇಳ್ಯಾಳ,” ಅಂದರು. “ಆ ಮನಿ ಆಚೀ ದಂಡೀಗಿತ್ತು.” ಮಾಮಿ ಒಳಗಿಂದ, ಇಲ್ಲ ಅವ್ವ ಹೇಳಿದ್ದೇ ಸರಿ ಅಂದರು. ಮಾವಶಿಗೆ ಫೋನ್ ಹೋಯಿತು. ಮೂರು ಜನ ಒಂದು ಗಂಟೆ ಜಗಳಾಡಿದರು. ಕೊನೆಗೆ ಮಾಮಾ ಕ್ಯಾಲೆಂಡರಿನ ಹಿಂದೆ ನದಿಯ ಗೆರೆ ಎಳೆದು ಮನೆಗಳ ಚೌಕ ಹಾಕೋಕೆ ಕೂತರು. ಪಾಸ್, ಹಿಂದಕ್ಕೆ, ಪ್ಲೇ, ಪಾಸ್.

ಆಮೇಲೆ ನಾನು ಅದನ್ನು ಎಂಪಿ4 ಮಾಡಿ ಎಲ್ಲರ ಫೋನಿಗೂ ಕಳಿಸಿದ್ದೇನೆ. ಮಾವಶಿಯ ಮೊಮ್ಮಕ್ಕಳು ನೋಡ್ತಾರೆ. ಮಾಮಾ ಮಾತ್ರ ಇವತ್ತಿಗೂ ಡಿಸ್ಕನ್ನೇ ಹಾಕ್ತಾರೆ. ಪ್ಲೇಯರಿನ ಟ್ರೇ ಈಗ ತಾನಾಗಿ ಹೊರಗೆ ಬರಲ್ಲ, ಸೇಫ್ಟಿ ಪಿನ್ ಚುಚ್ಚಿ ಎಳೀಬೇಕು. ಆ ಪಿನ್ನು ಟಿವಿ ಮೇಲೆ ದಾರ ಕಟ್ಟಿ ಇಟ್ಟಿದ್ದಾರೆ. ನಕ್ಷೆಯಲ್ಲಿ ಇನ್ನೂ ಎರಡು ಚೌಕ ಖಾಲಿ ಇವೆ.