ಅರ್ಜಿ ಹೊತ್ತವನ ಸಹಿ

ಕಳೆದ ವರುಷ ಕಾರ್ತಿಕಮಾಸದ ಒಂದು ಸಾಯಂಕಾಲ ಇಬ್ಬರು ತರುಣರು ರಬಕವಿಯ ನಮ್ಮ ಮನೆಯ ಕಟ್ಟೆಗೆ ಬಂದು, ನೇಕಾರರ ಓಣಿಯ ಬಾಯಲ್ಲಿರುವ ಮದ್ಯದಂಗಡಿಯನ್ನು ಅಲ್ಲಿಂದ ಎತ್ತಿಸಬೇಕೆಂಬ ಅರ್ಜಿಗೆ ನನ್ನ ಸಹಿಯನ್ನು ಬೇಡಿದರು. ಉದ್ದೇಶವು ಸ್ತುತ್ಯವಾದದ್ದೇ. ಅವರ ಕೈಯಲ್ಲಿ ಸಹಿಗಳಿಂದ ತುಂಬಿದ ಹಾಳೆಗಳು ಇಪ್ಪತ್ತಕ್ಕೆ ಕಡಿಮೆ ಇರಲಿಲ್ಲ; ಆದರೆ ಅರ್ಜಿಯ ಒಕ್ಕಣೆಯು ಒಂದು ಹಾಳೆಯಲ್ಲಿಯೂ ಇದ್ದಿಲ್ಲ. ಕೇಳಲಾಗಿ, “ಅದನ್ನು ವಕೀಲರು ಬರೆಯುತ್ತಾರೆ, ಮೊದಲು ಸಹಿ ಆಗಲಿರಿ” ಎಂದರು. ನಾಳೆ ಬನ್ನಿರೆಂದು ಅವರನ್ನು ಕಳಿಸಿಕೊಟ್ಟೆನು. ಆ ರಾತ್ರಿ ಹಳೆಯ ಪುಸ್ತಕಗಳನ್ನು ತೆರೆದು ಕುಳಿತಾಗ ಹೊಳೆದ ಕೆಲವು ಸಂಗತಿಗಳನ್ನು ವಾಚಕರ ಮುಂದೆ ಇಡುವದೇ ಈ ಲೇಖನದ ಉದ್ದೇಶವಾಗಿದೆ.

ನಾನು ಮೊದಲು ತೆರೆದದ್ದು ಮಿತಾಕ್ಷರೆಯನ್ನು. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನು (1076-1126) ಆಳುತ್ತಿದ್ದಾಗ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ರಚಿಸಿದ ಈ ವ್ಯಾಖ್ಯಾನವು ನಮ್ಮ ಕನ್ನಡನಾಡಿನಲ್ಲಿಯೇ ಹುಟ್ಟಿ ಹಿಂದೂಸ್ಥಾನದ ಬಹುಭಾಗದ ನ್ಯಾಯಾಲಯಗಳನ್ನು ಆಳಿದ ಗ್ರಂಥವೆಂಬದನ್ನು ಹೊಸದಾಗಿ ಹೇಳಬೇಕಾದದ್ದಿಲ್ಲ. ದಾಯಭಾಗದ ಸಲುವಾಗಿ ಅದನ್ನು ಎಲ್ಲರೂ ಸ್ಮರಿಸುವರು. ವ್ಯವಹಾರಾಧ್ಯಾಯದ ಲೇಖ್ಯಪ್ರಕರಣವನ್ನು ಓದುವವರು ವಿರಳ. ಸಾಲಪತ್ರವು ಹೇಗಿರಬೇಕೆಂದು ಅಲ್ಲಿ ಕೂಲಂಕಷವಾಗಿ ವಿಧಿಸಿದೆ. ವರುಷ, ಮಾಸ, ಪಕ್ಷ, ದಿನ, ಹೆಸರು, ಗೋತ್ರ, ತಂದೆಯ ಹೆಸರು ಇವೆಲ್ಲ ಬಂದು ವಿಷಯವು ಮುಗಿದ ಮೇಲೆ, ಸಾಲಗಾರನು ಸ್ವಹಸ್ತದಿಂದ ತನ್ನ ಹೆಸರನ್ನು ಹಾಕಿ, ಮೇಲೆ ಬರೆದದ್ದು ಇಂಥವನ ಮಗನಾದ ತನಗೆ ಸಮ್ಮತವೆಂದು ಬರೆಯತಕ್ಕದ್ದು. ಸಾಕ್ಷಿಗಳು ತಂತಮ್ಮ ಕೈಯಿಂದ ತಾವು ಸಾಕ್ಷಿಗಳೆಂದು ಬರೆಯತಕ್ಕದ್ದು. ಇಷ್ಟಕ್ಕೆ ಪತ್ರವು ಪೂರ್ಣವಾಗಲಿಲ್ಲ. ಎಲ್ಲರ ಕೊನೆಗೆ ಲೇಖಕನು, ಅಂದರೆ ಪತ್ರವನ್ನು ಬರೆದುಕೊಟ್ಟವನು, ಉಭಯರ ಪ್ರಾರ್ಥನೆಯಿಂದ ಇಂಥವನ ಮಗನಾದ ಇಂಥ ನಾನು ಇದನ್ನು ಬರೆದೆನೆಂದು ತನ್ನ ಹೆಸರನ್ನು ಕೂಡಿಸಬೇಕು. ಅಕ್ಷರ ಬಾರದ ಸಾಲಗಾರನು ತನ್ನ ಸಮ್ಮತಿಯನ್ನು ಇನ್ನೊಬ್ಬನಿಂದ ಬರೆಯಿಸಬೇಕು; ಅಕ್ಷರ ಬಾರದ ಸಾಕ್ಷಿಯು ಎಲ್ಲ ಸಾಕ್ಷಿಗಳ ಸಮಕ್ಷಮದಲ್ಲಿ ಬೇರೊಬ್ಬ ಸಾಕ್ಷಿಯಿಂದ ಬರೆಯಿಸಬೇಕು. ಬಲಾತ್ಕಾರದಿಂದಲೋ ಕಪಟದಿಂದಲೋ ಆದ ಲೇಖ್ಯವು ಪ್ರಮಾಣವಲ್ಲ.

ಇಲ್ಲಿ ಎರಡು ಅಂಶಗಳು ನನಗೆ ಮಹತ್ತ್ವದ್ದೆಂದು ತೋರಿದವು. ಮೊದಲನೆಯದು, ಸಮ್ಮತಿಯು “ಮೇಲೆ ಬರೆದದ್ದಕ್ಕೆ” ಎಂಬ ನಿಯಮ. ಮೇಲೆ ಏನೂ ಬರೆಯದ ಹಾಳೆಯ ಕೆಳಗೆ ಹಾಕಿದ ಹೆಸರಿಗೆ ಶಾಸ್ತ್ರದೃಷ್ಟಿಯಿಂದ ಅರ್ಥವೇ ಇಲ್ಲ. ಎರಡನೆಯದು, ನಡುವಿನ ಮನುಷ್ಯನು ಮರೆಯಲ್ಲಿ ಇರಲಾಗದೆಂಬದು. ನಮ್ಮ ಶಿಲಾಶಾಸನಗಳ ಕೊನೆಯಲ್ಲಿ ಬರೆದವನ ಮತ್ತು ಕಂಡರಿಸಿದವನ ಹೆಸರುಗಳು ಬರುವದು ಅಪರೂಪವಲ್ಲ. ಅದನ್ನು ಕವಿಯ ಕೀರ್ತಿಕಾಮನೆಯೆಂದು ನಾವು ಶಾಲೆಯಲ್ಲಿ ಹೇಳಿಕೊಟ್ಟದ್ದುಂಟು. ಹೊಣೆಗಾರಿಕೆಯೂ ಅದರಲ್ಲಿ ಅಡಗಿರಬಹುದೆಂದು ಈಗ ಅನಿಸುತ್ತದೆ.

ಸಂಸ್ಥಾನಗಳ ಕಾಲಕ್ಕೆ ಬರೋಣ. 1948ರ ಮಾರ್ಚ 8ರಂದು ದಕ್ಷಿಣದ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವ ವರೆಗೆ ರಬಕವಿಯು ಪಟವರ್ಧನರ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದಿತು. ನೆರೆಯ ಜಮಖಂಡಿಯು ಪಟವರ್ಧನರ ಇನ್ನೊಂದು ಶಾಖೆಗೆ, ಮುಧೋಳವು ಘೋರ್ಪಡೆಯವರಿಗೆ ಸೇರಿದ್ದವು. ಪ್ರಜೆಗಳ ನುಡಿಯು ಕನ್ನಡ, ದಫ್ತರದ ನುಡಿಯು ಮರಾಠಿ, ಅದೂ ಬಹುಕಾಲ ಮೋಡಿ ಲಿಪಿಯಲ್ಲಿ. ಸರಕಾರಕ್ಕೆ ಅರ್ಜಿ ಕೊಡಬೇಕಾದ ನೇಕಾರನು ತನಗೆ ಓದಬಾರದ ಲಿಪಿಯ ಕೆಳಗೆ ಕನ್ನಡದಲ್ಲಿ ಹೆಸರು ಬರೆಯಬೇಕು, ಅಥವಾ ಹೆಬ್ಬೆಟ್ಟು ಒತ್ತಬೇಕು. ನಡುವೆ ನಿಂತವನು ಅರ್ಜಿ ಬರೆಯುವವನು. ಅವನು ಹೇಳಿದ್ದೇ ಒಕ್ಕಣೆ. ಹೆಬ್ಬೆಟ್ಟಿನ ಕಥೆಯೂ ವಿನೋದದ್ದೇ. 1858ರಲ್ಲಿ ವಂಗದೇಶದ ಜಂಗೀಪುರದಲ್ಲಿ ಹರ್ಶೆಲ್ ಎಂಬ ಆಂಗ್ಲ ಅಧಿಕಾರಿಯು ರಾಜ್ಯಧರ ಕೋನಾಯಿ ಎಂಬ ಗುತ್ತಿಗೆದಾರನ ಇಡೀ ಅಂಗೈಯ ಮುದ್ರೆಯನ್ನು ಕರಾರುಪತ್ರದ ಮೇಲೆ ಒತ್ತಿಸಿಕೊಂಡದ್ದು ಗುರುತಿಗಾಗಿ ಅಲ್ಲ. ಮುಂದೆ ಅವನು “ಈ ಸಹಿ ನನ್ನದಲ್ಲ” ಎನ್ನಲು ಅಂಜಲಿ ಎಂದು. ಅಂದರೆ ಸಹಿ ಮಾಡಿದವನನ್ನು ಕಟ್ಟಿಹಾಕಲು ರಾಜ್ಯಗಳು ಮೊದಲಿನಿಂದಲೂ ಎಚ್ಚರದಿಂದ ಇದ್ದವು; ಸಹಿ ಮಾಡಿಸಿದವನನ್ನು ಕೇಳಿದವರು ಕಡಿಮೆ. 1897ರ ಸಾಮಾನ್ಯ ಪರಿಭಾಷಾ ಕಾಯಿದೆಯು ಬರೆಯಲು ಬಾರದವನ ಗುರುತೂ ಸಹಿಯೇ ಎಂದು ವ್ಯಾಖ್ಯೆ ಮಾಡಿ ಸುಮ್ಮನಾಯಿತು.

ಕರ್ನಾಟಕ ಏಕೀಕರಣದ ಚಳವಳಿಯು ಸಹಿಗಳ ಮೇಲೆಯೇ ನಡೆದದ್ದೆಂದರೆ ಅತಿಶಯೋಕ್ತಿಯಾಗದು. 1928ರಲ್ಲಿ ನೆಹರೂ ಸಮಿತಿಯ ಮುಂದೆ ಇಡಲಿಕ್ಕೆ 36,000 ಸಹಿಗಳನ್ನು ಕೂಡಿಸಲಾಯಿತೆಂದು ಚಳವಳಿಯ ಇತಿಹಾಸಗಳಲ್ಲಿ ಹೇಳಿದೆ. ಆ ಸಮಿತಿಯು ನಮ್ಮ ಬೇಡಿಕೆಯನ್ನು ಎತ್ತಿಹಿಡಿಯಿತು. ಬಂಡಿಯ ಮೇಲೂ ಕಾಲ್ನಡಿಗೆಯಿಂದಲೂ ಹಳ್ಳಿ ಹಳ್ಳಿ ತಿರುಗಿ ಅವನ್ನು ತಂದವರಲ್ಲಿ ಬಹುತೇಕರ ಹೆಸರು ಎಲ್ಲಿಯೂ ಉಳಿಯಲಿಲ್ಲ. ಅವರ ತ್ಯಾಗವನ್ನು ನೆನೆದಾಗ ಹೃದಯವು ಆರ್ದ್ರವಾಗುತ್ತದೆ. ಆದರೆ ಇಪ್ಪತ್ತೈದು ವರುಷಗಳ ಮೇಲೆ, 1953ರ ದಶಂಬರದಲ್ಲಿ ನೇಮಕವಾದ ಫಜಲ್ ಅಲಿ ಆಯೋಗದ ವರದಿಯನ್ನು ತೆರೆದರೆ ಇನ್ನೊಂದು ಮುಖವು ಕಾಣುತ್ತದೆ. ದೇಶದ ಮೂಲೆ ಮೂಲೆಗಳಿಂದ ಆಯೋಗಕ್ಕೆ ಬಂದ ಕಾಗದಪತ್ರಗಳು 1,52,250. ಅವುಗಳಲ್ಲಿ ವಿಚಾರಪೂರ್ವಕವಾಗಿ ಬರೆದ ಮನವಿಗಳು ಸುಮಾರು 2,000ಕ್ಕೆ ಹೆಚ್ಚಿಲ್ಲವೆಂದು ಆಯೋಗವು ಸ್ಪಷ್ಟವಾಗಿ ಬರೆಯಿತು. ಉಳಿದವು ತಂತಿಗಳು, ಅಚ್ಚುಮಾಡಿದ ಠರಾವುಗಳು ಮುಂತಾದವು. ಕಾಗದದ ರಾಶಿಯನ್ನು ನಂಬದೆ ಅವರು 38,000 ಮೈಲು ತಿರುಗಿ 9,000ಕ್ಕೂ ಮಿಕ್ಕಿ ಜನರನ್ನು ಕಣ್ಣೆದುರು ಕೇಳಿದರು. ಎಷ್ಟು ಬಡವರ ಹೆಬ್ಬೆಟ್ಟುಗಳು ಆ ಒಂದೂವರೆ ಲಕ್ಷದಲ್ಲಿ ಮುಳುಗಿಹೋದವೋ! ಯಾರು, ಏನು ಹೇಳಿ ಅವನ್ನು ಒತ್ತಿಸಿದರೆಂಬದು ತಿಳಿಯದ ಮೂಲಕ ನಿಜವಾದವೂ ಹಗುರವಾದವು.

ಇಲ್ಲಿ ನನ್ನ ಸ್ವಂತದ ಒಂದು ತಪ್ಪನ್ನು ಹೇಳದಿದ್ದರೆ ಲೇಖನವು ಪ್ರಾಮಾಣಿಕವಾಗದು. 1986ರ ಸುಮಾರಿಗೆ, ನಾನು ಹೊಸದಾಗಿ ಮಾಸ್ತರಿಕೆಗೆ ಸೇರಿದಾಗ, ನೇಕಾರರ ಸಾಲದ ಬಡ್ಡಿಯನ್ನು ಕಡಿಮೆಮಾಡಬೇಕೆಂಬ ಅರ್ಜಿಗೆ ಸಹಿ ಕೂಡಿಸುವ ಕೆಲಸವನ್ನು ಊರ ಮುಂದಾಳೊಬ್ಬರು ನನಗೆ ಒಪ್ಪಿಸಿದರು. ಮಾಸ್ತರರ ಮಾತಿಗೆ ಇಲ್ಲವೆನ್ನುವವರಿದ್ದಿಲ್ಲ. ಒಂದು ಮನೆಯಲ್ಲಿ ಕಂಡಿಕೆ ಸುತ್ತುತ್ತ ಕುಳಿತ ಮುದುಕಿಯು ಹೆಬ್ಬೆಟ್ಟಿಗೆ ಮಸಿ ಹಚ್ಚಿಸಿಕೊಂಡು, ಒತ್ತುವ ಮೊದಲು, “ಮ್ಯಾಲ ಏನ ಬರದೈತ್ರಿ ಮಾಸ್ತರ?” ಎಂದಳು. ಒಕ್ಕಣೆಯ ಹಾಳೆಯು ನನ್ನ ಹತ್ತಿರ ಇದ್ದಿಲ್ಲ. “ನಿಮ್ಮ ಒಳ್ಳೇದಕ್ಕ ಬರದೈತಿ, ಒತ್ತಬೇ” ಎಂದೆನು. ಒತ್ತಿದಳು. ಆರು ತಿಂಗಳ ಮೇಲೆ ಬೇರೊಂದು ಅರ್ಜಿಯನ್ನು ಕಾಣುವ ಪ್ರಸಂಗ ಬಂತು. ಯಾರೋ ಒಬ್ಬರನ್ನು ಒಂದು ಕಮಿಟಿಗೆ ನೇಮಿಸಬೇಕೆಂಬ ಶಿಫಾರಸು ಅದು. ಕೆಳಗೆ ಹಚ್ಚಿದ ಹಾಳೆಗಳು ನಾನು ಕೂಡಿಸಿದವೇ. ನನ್ನ ಅಕ್ಷರದ ಕ್ರಮಾಂಕಗಳು, ನನ್ನ ಮಸಿ, ಆ ಮುದುಕಿಯ ಚೂರು ಓರೆಯಾದ ಹೆಬ್ಬೆಟ್ಟು. ಕೇಳಿದ್ದಕ್ಕೆ ಮುಂದಾಳು ನಕ್ಕರು. ಹಾಳೆಯ ಮೇಲೆ ನನ್ನ ಹೆಸರು ಎಲ್ಲಿಯೂ ಇದ್ದಿಲ್ಲವಾದ ಕಾರಣ ನನ್ನನ್ನು ಯಾರೂ ಕೇಳಲಿಲ್ಲ. ಬಹುದಿನ ನಾನು ಆ ಓಣಿಯನ್ನು ಬಳಸಿ ಬೇರೆ ದಾರಿಯಿಂದ ಶಾಲೆಗೆ ಹೋಗುತ್ತಿದ್ದೆನು.

ಸಹಿಗೆ ಕಾಯಿದೆಯ ಬಲವು ಬಂದಲ್ಲಿ ಮಾತ್ರ ಈ ನಡುವಿನವನ ಪ್ರಶ್ನೆಯು ಏಳುತ್ತದೆ. ಅದಕ್ಕೆ ಸಮೀಪದ ದೃಷ್ಟಾಂತವು ಕೃಷ್ಣೆಯನ್ನು ದಾಟಿ ಅಥಣಿಯ ಆಚೆ ಹೋದರೆ ಸಿಕ್ಕುತ್ತದೆ. ಜತ್ತ, ಅಕ್ಕಲಕೋಟೆಗಳ ಕನ್ನಡ ಹಳ್ಳಿಗಳು ಮಹಾರಾಷ್ಟ್ರದಲ್ಲಿ ಇರುವದರಿಂದ ಅಲ್ಲಿಯ 2008ರ ಸರಕಾರಿ ಆಜ್ಞೆಗೆ ಒಳಪಟ್ಟಿವೆ. ಊರಿನ ಅಥವಾ ವಾರ್ಡಿನ ಮತದಾರ ಸ್ತ್ರೀಯರಲ್ಲಿ ನೂರಕ್ಕೆ 25 ಜನರು ಸಹಿಮಾಡಿ ಅರ್ಜಿ ಕೊಟ್ಟರೆ, ಅಬಕಾರಿ ಅಧಿಕಾರಿಗಳು ಸಹಿಗಳನ್ನು ತಾಳೆನೋಡಿ, ಗುಪ್ತ ಮತದಾನವನ್ನು ಏರ್ಪಡಿಸಬೇಕು. ಚೀಟಿಯ ಮೇಲೆ ಎರಡು ಚಿತ್ರಗಳು: ನಿಂತ ಬಾಟಲಿ, ಅಡ್ಡಬಿದ್ದ ಬಾಟಲಿ. ಯಾದಿಯಲ್ಲಿರುವ ಸ್ತ್ರೀಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನರು ಅಡ್ಡಬಾಟಲಿಗೆ ಮತ ಹಾಕಿದರೆ ಅಂಗಡಿಯು ಮುಚ್ಚಬೇಕು. ಅರ್ಧವೆಂಬದು ಮತ ಹಾಕಲು ಬಂದವರಲ್ಲಿ ಅಲ್ಲ, ಯಾದಿಯಲ್ಲಿ ಇದ್ದವರಲ್ಲಿ ಎಂಬದನ್ನು ಗಮನಿಸಬೇಕು. ಮನೆಯಲ್ಲಿ ಉಳಿದವಳು ನಿಂತ ಬಾಟಲಿಯ ಕಡೆಗೇ ಸಂದಂತೆ. ನಮ್ಮ ರಾಜ್ಯದ ಹೆಂಗಸರು 2019ರ ಜನವರಿಯಲ್ಲಿ ಮದ್ಯನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದರು. ಆದರೆ ಇಲ್ಲಿ ಅರ್ಜಿಯೆಂಬದು ಅಧಿಕಾರಿಯ ವಿವೇಚನೆಗೆ ಬಿಟ್ಟದ್ದು, ಸಹಿಗಳು ಹತ್ತಿರಲಿ ಸಾವಿರವಿರಲಿ.

ಮಹಾರಾಷ್ಟ್ರದ ಆಜ್ಞೆಯು ಸ್ವಾಗತಾರ್ಹವೇ ಸರಿ. ಆದರೂ ಒಂದು ಮಾತು ಹೇಳಬೇಕು. ಅದರಲ್ಲಿ ಪರೀಕ್ಷೆಯ ಭಾರವೆಲ್ಲ ಸಹಿ ಮಾಡಿದವಳ ಮೇಲೆ ಬೀಳುತ್ತದೆ. ಅಂಗಡಿಕಾರನೂ ಗಂಡನೂ ಬಲ್ಲಂತೆ ಅವಳು ಮುಂದೆ ಬಂದು ಇದು ನನ್ನದೇ ಎನ್ನಬೇಕು. ನಮ್ಮ ಚುನಾವಣೆಗಳಲ್ಲಿ ಇದಕ್ಕಿಂತ ಸುಲಭವಾದ ಮಾರ್ಗವಿದೆ. ಪಕ್ಷೇತರ ಅಭ್ಯರ್ಥಿಯ ನಾಮಪತ್ರಕ್ಕೆ 1996ರ ತಿದ್ದುಪಡಿಯ ಮೇಲೆ ಹತ್ತು ಸೂಚಕರ ಸಹಿ ಬೇಕು. ಬರೆಯಲು ಬಾರದ ಸೂಚಕನು 1961ರ ನಿಯಮಗಳ ಪ್ರಕಾರ ನಿಯುಕ್ತ ಅಧಿಕಾರಿಯ ಎದುರಿಗೆ ಹೆಬ್ಬೆಟ್ಟು ಒತ್ತಿ, ಆ ಅಧಿಕಾರಿಯು ಗುರುತಿನ ಬಗ್ಗೆ ಮನದಟ್ಟಾಗಿ ದೃಢೀಕರಿಸಬೇಕು. ಸಾಕ್ಷಿಗಳ ಸಮಕ್ಷಮದಲ್ಲಿ ಎಂದ ಸ್ಮೃತಿಯ ಮಾತೇ ಇಲ್ಲಿ ವೇಷ ಬದಲಿಸಿ ಬಂದಿದೆ.

ಸಹಿ ಕೂಡಿಸುವವರನ್ನೇ ಕಾಯಿದೆಗೆ ಒಳಪಡಿಸಲು ಹೆಣಗಿದ ದೇಶವೆಂದರೆ ಅಮೇರಿಕೆ. ಅಲ್ಲಿಯ ಹಲವು ರಾಜ್ಯಗಳಲ್ಲಿ ಮತದಾರರೇ ಕಾಯಿದೆಯ ಕರಡನ್ನು ಬರೆದು ನಿಯತ ಸಂಖ್ಯೆಯ ಸಹಿಗಳನ್ನು ತಂದರೆ, ಅದು ನೇರವಾಗಿ ಎಲ್ಲರ ಮತಕ್ಕೆ ಬೀಳುತ್ತದೆ. ಓರೆಗಾನ್ ರಾಜ್ಯವು 1902ರಲ್ಲಿ ಈ ಪದ್ಧತಿಯನ್ನು ಸ್ವೀಕರಿಸಿತು. ಸಹಿಗೆ ಬೆಲೆ ಬಂದ ಕೂಡಲೆ ಸಹಿ ಕೂಡಿಸುವದೇ ಒಂದು ಉದ್ಯೋಗವಾಯಿತು. ಕೂಲಿ ಕೊಡಬಾರದೆಂದು ಓರೆಗಾನ್ 1935ರಲ್ಲಿಯೂ ಕೊಲರಾಡೊ 1941ರಲ್ಲಿಯೂ ವಿಧಿಸಿದವು. 1988ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಕೊಲರಾಡೊದ ನಿಷೇಧವನ್ನು ತಳ್ಳಿಹಾಕಿತು: ಬೀದಿಯಲ್ಲಿ ನಿಂತು ಸಹಿ ಬೇಡುವದೂ ರಾಜಕೀಯ ವಾಕ್‌ಸ್ವಾತಂತ್ರ್ಯವೇ, ಬಡವರ ಪಕ್ಷದ ವಾರ್ತೆಯನ್ನು ಕೂಲಿಯವನೂ ಹೊರಬಹುದು ಎಂದು. ಬಳಿಕ ಕೊಲರಾಡೊ ಸಂಗ್ರಾಹಕರ ಎದೆಗೆ ಹೆಸರಿನ ಬಿಲ್ಲೆಯನ್ನು ಕಟ್ಟಲು ನೋಡಿತು. 1999ರಲ್ಲಿ ಅದೂ ಬಿದ್ದಿತು. ಮಾತಾಡುವ ಕ್ಷಣದಲ್ಲಿಯೇ ಹೆಸರು ತೋರಿದರೆ ವಿರೋಧಿಗಳ ಕಾಟಕ್ಕೆ ಅಂಜಿ ಯಾರೂ ಮುಂದೆ ಬಾರರೆಂಬದು ನ್ಯಾಯಾಧೀಶರ ತರ್ಕ. ಆದರೆ ಹಾಳೆಗಳನ್ನು ಒಪ್ಪಿಸುವಾಗ ಅವನ್ನು ಕೂಡಿಸಿದವನು ತನ್ನ ಹೆಸರು, ವಿಳಾಸಗಳೊಡನೆ ಪ್ರತಿಜ್ಞಾಪತ್ರವನ್ನು ಲಗತ್ತಿಸಬೇಕೆಂಬ ನಿಯಮವು ಉಳಿಯಿತು. ಓರೆಗಾನಿನ ಮತದಾರರು 2002ರಲ್ಲಿ ಸಹಿಯೊಂದಕ್ಕೆ ಇಂತಿಷ್ಟು ಎಂಬ ಕೂಲಿಯನ್ನು ಮಾತ್ರ ನಿಷೇಧಿಸಿದರು, ದಿನಗೂಲಿಯನ್ನು ಬಿಟ್ಟರು. 2006ರಲ್ಲಿ ಅಲ್ಲಿಯ ಮೇಲ್ಮನವಿಯ ನ್ಯಾಯಾಲಯವು ಅದನ್ನು ಒಪ್ಪಿತು. ಗಜಕ್ಕೆ ಇಷ್ಟು ಎಂದು ಕೂಲಿ ಕೊಟ್ಟರೆ ನೆಯ್ಗೆಯು ಹೇಗೆ ಸಡಿಲಾಗುವದೆಂದು ನಮ್ಮ ರಬಕವಿಯವರಿಗೆ ಯಾವ ನ್ಯಾಯಾಲಯವೂ ತಿಳಿಸಬೇಕಾದದ್ದಿಲ್ಲ.

ಹೀಗೆ ನೂರು ವರುಷಗಳ ವ್ಯಾಜ್ಯದ ಕೊನೆಗೆ ಅಮೇರಿಕೆಯಲ್ಲಿ ಗಟ್ಟಿಯಾಗಿ ನಿಂತ ನಿಯಮವು, ಎಲ್ಲರ ಕೊನೆಗೆ ಲೇಖಕನು ತನ್ನ ಹೆಸರನ್ನು ಬರೆಯಲಿ ಎಂದ ಕಲ್ಯಾಣದ ಪಂಡಿತನ ನಿಯಮಕ್ಕೆ ಅತಿ ಸಮೀಪದ್ದು. ನಮ್ಮಲ್ಲಿಯೂ ಸಹಿಗೆ ಬಲವನ್ನು ಕೊಡುವ ಕಾಯಿದೆಯು ಎಂದಾದರೂ ಬಂದರೆ, ಪ್ರತಿಯೊಂದು ಹಾಳೆಯ ನೆತ್ತಿಯಲ್ಲಿ ಒಕ್ಕಣೆಯು ಕನ್ನಡದಲ್ಲಿ ಇರಲಿ. ಅಡಿಯಲ್ಲಿ, ಇದನ್ನು ಓದಿ ಹೇಳಿ ನನ್ನೆದುರಿಗೆ ಸಹಿ ಮಾಡಿಸಿದೆನೆಂದು ಹೊತ್ತವನ ಸಹಿಯು ಇರಲಿ. ಪರವಾನಿಗೆ, ಬಿಲ್ಲೆ, ಠೇವಣಿ ಮುಂತಾದವುಗಳನ್ನು ಹೇರಿದರೆ ಕೂಲಿಯವರು ಉಳಿದು ನಿಃಸ್ವಾರ್ಥಿಗಳು ಮನೆ ಸೇರುವರೆಂಬ ಭಯವು ನನಗಿದೆ.

ಮರುದಿನ ಆ ತರುಣರು ಬಂದರು. ಒಕ್ಕಣೆಯನ್ನು ನಾನೇ ಐದು ಸಾಲಿನಲ್ಲಿ ಬರೆದು ಇಟ್ಟಿದ್ದೆನು. ಓದಿಸಿ, ಅದರ ಕೆಳಗೆ ನನ್ನ ಸಹಿಯನ್ನು ಹಾಕಿದೆನು. ಹಾಳೆಯ ಅಡಿಯಲ್ಲಿ ಗೆರೆ ಎಳೆದು, ಇಲ್ಲಿ ನಿಮ್ಮ ಹೆಸರುಗಳನ್ನು ಬರೆಯಿರೆಂದೆನು. ಒಬ್ಬನು ಕೂಡಲೆ ಬರೆದನು. ಇನ್ನೊಬ್ಬನು ಲೇಖಣಿಯನ್ನು ಹಿಡಿದು ಕ್ಷಣಹೊತ್ತು ನಿಂತು, ಮನೆಯಲ್ಲಿ ಕೇಳಿ ಬರುವೆನೆಂದು ಹೋದನು. ಹಿಂದಿನ ಇಪ್ಪತ್ತು ಹಾಳೆಗಳ ಮನೆಗಳಿಗೆ ಒಕ್ಕಣೆಯನ್ನು ಹಿಡಿದು ಮತ್ತೆ ಹೋಗಬೇಕಾಗಿದ್ದಿತು. ಮೊದಲನೆಯವನ ಸಂಗಡ ನಾನೂ ಹೊರಟೆನು. ಆ ಸಂಜೆ ಹನ್ನೊಂದು ಮನೆಗಳಾದವು. ಮೂರು ಮನೆಯವರು ಓದಿಸಿ ಕೇಳಿ, ತಮ್ಮ ಹೆಸರನ್ನು ಹೊಡೆದುಹಾಕಿಸಿದರು.