ಪಡುಗಡಲ ಗಾಳಿ

ಹಾಸನದ ಕಡೆಯವರಾದ ನಮಗೆ ಕಡಲು ಬಹುಕಾಲ ಕಾವ್ಯದ ಸಂಗತಿಯಾಗಿಯೇ ಉಳಿದಿತ್ತು. ಮಹಾಕಾವ್ಯಕ್ಕೆ ವಿಧಿಸಿದ ಹದಿನೆಂಟು ವರ್ಣನೆಗಳಲ್ಲಿ ಸಮುದ್ರವೂ ಒಂದಷ್ಟೆ. ನಮ್ಮ ಕವಿಗಳು ಆ ವಿಧಿಯನ್ನು ಶ್ರದ್ಧೆಯಿಂದ ಪಾಲಿಸಿದ್ದಾರೆ. ಅವರಲ್ಲಿ ಉಪ್ಪುನೀರನ್ನು ಕಣ್ಣಾರೆ ಕಂಡು ಬರೆದವರೆಷ್ಟು ಮಂದಿಯೋ! ಜಲಕ್ರೀಡೆಯೂ ಆ ಹದಿನೆಂಟರಲ್ಲಿಯೇ ಸೇರಿದೆ. ಆದರೆ ಕಾವ್ಯದ ಜಲಕ್ರೀಡೆಗೆ ಸಾಮಾನ್ಯವಾಗಿ ತಾವರೆಗೊಳವೇ ಸಾಕು. ಅಬ್ಬರಿಸುವ ಕಡಲಿಗೆ ಇಳಿದು ಆಡುವ ಮಾತು ಅಲ್ಲಿಲ್ಲ.

ಚರಿತ್ರೆಯನ್ನು ಓದುವಾಗಲೂ ನಮ್ಮದು ಇದೇ ಅಭ್ಯಾಸ. ಹಾಸನಕ್ಕೆ ಸಮೀಪದ ಮೊಸಳೆಯಲ್ಲಿ ನಾಗೇಶ್ವರ, ಚೆನ್ನಕೇಶವರ ಅವಳಿ ಗುಡಿಗಳಿವೆ. ಇಮ್ಮಡಿ ಬಲ್ಲಾಳನ ಕಾಲದವು. ಬಳಪದ ಕಲ್ಲಿನಲ್ಲಿ ಒಂದೇ ಅಚ್ಚಿನಿಂದ ತೆಗೆದಂತೆ ಅಕ್ಕಪಕ್ಕದಲ್ಲಿ ನಿಂತಿವೆ. ಆ ಅಂಗಳದಲ್ಲಿ ನಿಂತು ಹೊಯ್ಸಳರನ್ನು ನೆನೆಯುವವರಿಗೆ ತೆಂಕಣ ಚೋಳರು ಕಾಣುತ್ತಾರೆ, ಬಡಗಣ ಸೇವುಣರು ಕಾಣುತ್ತಾರೆ. ಘಟ್ಟದಾಚೆಯ ಕಡಲು ಮಾತ್ರ ಕಾಣುವುದಿಲ್ಲ. ನಾಡು ಅಲ್ಲಿಗೆ ಮುಗಿಯಿತೆಂದೇ ನಮ್ಮ ಭಾವನೆ.

ಕಳೆದ ಮೇ ತಿಂಗಳ ಕೊನೆಯಲ್ಲಿ ಶಿರಾಡಿ ಘಾಟಿಯನ್ನಿಳಿದು ಮೂಲ್ಕಿಗೆ ಹೋದಾಗ ಈ ಭಾವನೆಯನ್ನು ಮತ್ತೊಮ್ಮೆ ಪರಿಶೀಲಿಸಬೇಕಾಯಿತು. ಮೂಲ್ಕಿ ಮಂಗಳೂರಿನಿಂದ ಬಡಗಲಿಗೆ ಮೂವತ್ತು ಕಿಲೋಮೀಟರಿನಷ್ಟು ದೂರದ ಊರು. ಶಾಂಭವಿ, ನಂದಿನಿ ಎಂಬ ಎರಡು ಹೊಳೆಗಳು ಅದರ ಸಮೀಪದ ಸಸಿಹಿತ್ಲುವಿನಲ್ಲಿ ಕೂಡಿಕೊಂಡು ಕಡಲನ್ನು ಸೇರುತ್ತವೆ. ತೆರೆಯ ಮೇಲೆ ಹಲಗೆಯೇರಿ ಸಾಗುವ ಸರ್ಫಿಂಗ್ ಎಂಬ ಆಟಕ್ಕೆ ಈಗ ಈ ತೀರ ದೇಶದಲ್ಲೆಲ್ಲ ಹೆಸರಾಗಿದೆ. 2016ರಲ್ಲಿ ಸಸಿಹಿತ್ಲುವಿನಲ್ಲಿ ಅಖಿಲ ಭಾರತ ಮಟ್ಟದ ಸ್ಪರ್ಧೆ ನಡೆಯಿತು. ಹೊಳೆಯ ತಿಳಿನೀರಿನಲ್ಲಿ ಕಯಾಕ್ ದೋಣಿಗಳು. ಅಳಿವೆಯಾಚೆ ನೊರೆಯ ನಡುವೆ ಹಲಗೆಗಳು. ಕಲಿಸುವವರಲ್ಲಿ ಮೀನುಗಾರರ ಮನೆಯ ಹುಡುಗರೂ ಇದ್ದಾರೆಂಬುದು ನನಗೆ ವಿಶೇಷವಾಗಿ ಹಿಡಿಸಿತು. ಅಂಥ ಒಬ್ಬ ತರುಣ ನನ್ನ ಬಿಳಿಗೂದಲನ್ನು ನೋಡಿ ನಗದೆ, "ಮಧ್ಯಾಹ್ನ ಆದ್ರೆ ಗಾಳಿ ಕಡಲಿನಿಂದ ಬರ್ತದೆ ಸರ್, ತೆರೆ ಒಡೆದು ಹಾಳಾಗ್ತದೆ. ನೋಡುವುದಿದ್ರೆ ಬೆಳಿಗ್ಗೆ ಬನ್ನಿ" ಎಂದ.

ಗಾಳಿಯ ಗಳಿಗೆ ನೋಡಿ ನೀರಿಗಿಳಿಯುವ ಈ ವಿದ್ಯೆ ಆ ತೀರಕ್ಕೆ ಹೊಸದೇನಲ್ಲ. ಹೊಸದು ಆಟವೊಂದೇ. ಮಾನ್ಸೂನ್ ಎಂಬ ಮಾತು ಹುಟ್ಟಿದ್ದು ಋತು ಎಂಬ ಅರ್ಥದ 'ಮೌಸಿಮ್' ಎಂಬ ಅರಬ್ಬೀ ಪದದಿಂದ. ಹಾಯಿಯ ಕಾಲದಲ್ಲಿ ಮುಂಗಾರಿನ ಅಬ್ಬರ ತಗ್ಗುತ್ತಿದ್ದಂತೆ ಏಡನ್ನಿನಿಂದ ಹಡಗುಗಳು ಇತ್ತ ಬರುತ್ತಿದ್ದವು. ಚಳಿಗಾಲದ ಈಶಾನ್ಯದ ಗಾಳಿ ಅವನ್ನು ಹಿಂದಕ್ಕೆ ಒಯ್ಯುತ್ತಿತ್ತು. ನಡುಮಳೆಗಾಲದಲ್ಲಿ ಬಂದರುಗಳಿಗೆ ಬೀಗ. ಬರೆದ ಕಾಗದಕ್ಕೆ ಮಾರೋಲೆ ಕಾಣಬೇಕಾದರೆ ಗಾಳಿ ತಿರುಗುವವರೆಗೆ ಕಾಯಬೇಕು.

ಹಾಗೆ ಕಾದ ಒಬ್ಬನ ಕಾಗದಗಳು ನಮಗೆ ದೊರೆತಿವೆ. ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕ, ಟ್ಯುನೀಶಿಯಾದವನು. 1132ರ ಹೊತ್ತಿಗೆ ಮಂಗಳೂರಿನಲ್ಲಿದ್ದ. 1149ರಲ್ಲಿ ಏಡನ್ನಿಗೆ ಮರಳಿದ. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ ನಡೆದದ್ದು 1117ರಲ್ಲಿ ಎಂಬುದನ್ನು ನೆನೆದರೆ ಕಾಲ ಹೊಂದುತ್ತದೆ. ಇತ್ತ ಘಟ್ಟದ ಮೇಲೆ ವಿಷ್ಣುವರ್ಧನನ ಆಳ್ವಿಕೆ, ಅತ್ತ ಕೆಳಗೆ ಈ ವರ್ತಕನ ಮಳಿಗೆ. ದೇವರ ಹೆಸರಿರಬಹುದಾದ ಬರೆಹವನ್ನು ನಾಶಮಾಡಬಾರದೆಂಬುದು ಯೆಹೂದಿಗಳ ಸಂಪ್ರದಾಯವಾದ್ದರಿಂದ ಅವನ ಪತ್ರಗಳು ಕೈರೋ ನಗರದ ಪ್ರಾರ್ಥನಾಮಂದಿರವೊಂದರ ಕೋಣೆಯಲ್ಲಿ ಶತಮಾನಗಳ ಕಾಲ ಬಿದ್ದಿದ್ದವು. ಭಾಷೆ ಅರಬ್ಬೀ, ಲಿಪಿ ಹೀಬ್ರೂ. ಇಲ್ಲಿಂದ ಹೋದದ್ದು ಮೆಣಸು, ಏಲಕ್ಕಿ, ಅಡಕೆ, ಕಬ್ಬಿಣ. ಅಲ್ಲಿಂದ ಬಂದವುಗಳಲ್ಲಿ ಸಕ್ಕರೆ, ಒಣದ್ರಾಕ್ಷಿ, ಬರೆಯುವ ಕಾಗದ. ಮೆಣಸೂ ಏಲಕ್ಕಿಯೂ ಬೆಳೆಯುವುದು ಮಲೆಯ ತಪ್ಪಲಲ್ಲಿ. ಘಟ್ಟಕ್ಕೂ ಕಡಲಿಗೂ ನಂಟಿರಲಿಲ್ಲವೆಂದು ಹೇಳುವುದಾದರೂ ಹೇಗೆ?

ಈ ಪತ್ರಗಳಲ್ಲಿ ಒಂದನ್ನು ನಾನು ಮರೆಯಲಾರೆ. ಬೆನ್ ಯಿಜು ಕಳುಹಿಸಿದ ಸರಕಿದ್ದ ಹಡಗೊಂದು ಏಡನ್ನಿನ ಸಮೀಪ ಮುಳುಗಿತು. ಅಲ್ಲಿನ ಖಲಫ್ ಎಂಬ ವರ್ತಕಮಿತ್ರ ವರದಿ ಮಾಡುತ್ತಾನೆ: ಮುಳುಗುಗಾರರನ್ನು ಗೊತ್ತುಮಾಡಿ ಇಳಿಸಿದೆವು, ಕಬ್ಬಿಣ ಅರ್ಧದಷ್ಟು ದೊರೆಯಿತು, ಮೆಣಸು ಪೂರ್ತಿ ಹೋಯಿತು ಎಂದು. ಇಂದು ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ, ಹಣ ತೆತ್ತು, ಮೀನು ನೋಡಲು ಮುಳುಗುತ್ತಾರೆ. ಅಂದು ಮುಳುಗಿದವರು ಕಬ್ಬಿಣದ ಲೆಕ್ಕ ಕೊಡಬೇಕಾಗಿತ್ತು.

ಸಸಿಹಿತ್ಲುವಿನಲ್ಲಿ ಆ ಗಾಂಭೀರ್ಯ ಪೂರ್ತಿ ಅಳಿದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ, ಅರವತ್ತೊಂದು ದಿನ, ಯಾಂತ್ರಿಕ ದೋಣಿಗಳಿಗೆ ಕಡಲು ಇಂದಿಗೂ ನಿಷಿದ್ಧ. ನಾಡದೋಣಿಯವರು ಮಾತ್ರ ಗಾಳಿಯ ಮುಖ ನೋಡಿ ಇಳಿಯುತ್ತಾರೆ. ಸ್ಪರ್ಧೆ ನಡೆದ ದಡವನ್ನೇ ತೆರೆಗಳು ಕೊರೆಯುತ್ತಿವೆ. ಅಲ್ಲಿನವರು ಗಾಳಿಮರವೆಂದು ಕರೆಯುವ ಸರ್ವೆಮರಗಳು ಬೇರು ಮೇಲಾಗಿ ಮರಳಿನಲ್ಲಿ ಒರಗಿದ್ದುದನ್ನು ಕಂಡೆ. ಹಲಗೆ ಹೊತ್ತ ಹುಡುಗರು ಅವುಗಳನ್ನು ದಾಟಿಕೊಂಡೇ ನೀರಿಗೆ ಹೋಗುತ್ತಿದ್ದರು.

ಬೆನ್ ಯಿಜುವಿಗೆ ಒಬ್ಬ ಆಳಿದ್ದ. ಕ್ರೀತದಾಸನಾದರೂ ಯಜಮಾನನ ಪರವಾಗಿ 1135ರಲ್ಲಿ ಏಡನ್ನಿಗೆ ಹೋಗಿ ವ್ಯವಹಾರ ನೋಡಿಕೊಂಡು ಬಂದವನು. ಅಲ್ಲಿ ಕುಡಿದು, ಇನ್ನಷ್ಟು ಹಣ ಕೊಡಿರೆಂದು ಗಲಾಟೆ ಮಾಡಿದನೆಂಬ ದೂರೂ ಪತ್ರದಲ್ಲಿದೆ. ಹೀಬ್ರೂ ಲಿಪಿಯಲ್ಲಿ ಅವನ ಹೆಸರು ಬಕಾರ ಮಕಾರಗಳ ಗುರುತಾಗಿ ಮಾತ್ರ ಉಳಿದಿತ್ತು. ಹೇಗೆ ಉಚ್ಚರಿಸುವುದೆಂದು ತಿಳಿಯದು. ಅಮಿತಾವ್ ಘೋಷ್ ಅವನನ್ನು ಹುಡುಕಿಕೊಂಡು ಮಂಗಳೂರಿಗೆ ಬಂದರು. ತುಳು ವಿದ್ವಾಂಸ ಬಿ. ಎ. ವಿವೇಕ ರೈ ಅವರ ನೆರವಿನಿಂದ ಆ ಹೆಸರನ್ನು 'ಬೊಮ್ಮ' ಎಂದು ಓದಿ, 1992ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಅವನ ಕಥೆಯನ್ನು ಹೇಳಿದರು. ಹೊಯ್ಸಳ ಶಾಸನಗಳನ್ನು ಓದುವವರಿಗೆ ಈ ಹೆಸರು ಚಿರಪರಿಚಿತ. ಬೊಮ್ಮಣ್ಣ, ಬೊಮ್ಮಯ್ಯ, ಬಮ್ಮೋಜರು ನಮ್ಮ ಕಲ್ಲುಗಳಲ್ಲಿ ಎಷ್ಟೋ ಮಂದಿ ಇದ್ದಾರೆ: ಭೂಮಿ ಬಿಟ್ಟವರು, ಕಾದಿ ಸತ್ತವರು, ಶಿಲ್ಪಿಗಳು. ಗಾಳಿಯನ್ನು ನಂಬಿ ಕಡಲು ದಾಟಿ, ಏಡನ್ನಿನ ಬೀದಿಯಲ್ಲಿ ಸಂಬಳಕ್ಕಾಗಿ ಜಗಳವಾಡಿದ ಬೊಮ್ಮ ಇವನೊಬ್ಬನೇ.